ಇಟಲಿಗೆ ಹೊರಟವರಿಗೆ: ಬಾಯಿಪಾಠವೋ, ಚೀಟಿಯೋ, ಫೋನೋ?

ತುರ್ತಿಗೆ ಬೇಕಾದ ಇಟಾಲಿಯನ್ ಮಾತುಗಳನ್ನು ಬಾಯಿಪಾಠ ಮಾಡಲಾ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಾ, ಸುಮ್ನೆ ಫೋನಿನ ಅನುವಾದ ಆ್ಯಪ್ ನಂಬಿಕೊಳ್ಳಲಾ ಅಂತ ಕೇಳಿದ್ದೀರಿ. ಖರ್ಚಿನ ಮಾತು ಬಿಡಿ, ಮೂರೂ ಹೆಚ್ಚುಕಡಿಮೆ ಪುಕ್ಕಟೆ.

ಅವಸರಕ್ಕೆ ಬಾಯಿಪಾಠವೇ ಸರಿ. ಕಳ್ಳ ಬ್ಯಾಗ್ ಕಿತ್ತುಕೊಂಡು ಓಡುತ್ತಿದ್ದರೆ ಆ್ಯಪ್ ತೆರೆಯುತ್ತಾ ನಿಲ್ಲೋಕಾಗಲ್ಲ ಅಲ್ವಾ? 'ಅಯೂತೊ' ಅಂದರೆ ಕಾಪಾಡಿ, 'ಅಲ್ ಲಾದ್ರೊ' ಅಂದರೆ ಕಳ್ಳ ಕಳ್ಳ, 'ಅಲ್ ಫುವೊಕೊ' ಅಂದರೆ ಬೆಂಕಿ. ಹೆಚ್ಚಿನ ಪದಗಳು ಕನ್ನಡದ ಹಾಗೆ ಸ್ವರದಲ್ಲೇ ಮುಗಿಯುತ್ತವೆ, ನಮ್ಮ ನಾಲಿಗೆಗೆ ಸಲೀಸು. ತೊಂದರೆ ಏನೆಂದರೆ, ನೀವು ಕೂಗಿದ ಮೇಲೆ ಅವರು ಕೊಡುವ ಉತ್ತರ ಅರ್ಥವಾಗಲ್ಲ. ಅಲ್ಲಿ ಫೋನ್ ಬೇಕು.

ಗೋಡೆಯ ಎಚ್ಚರಿಕೆ ಫಲಕಗಳಿಗೂ ಫೋನ್ ಕ್ಯಾಮೆರಾ ಒಳ್ಳೆಯದು, ಆದರೆ ಇಟಾಲಿಯನ್ ಭಾಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. 'ಪೆರಿಕೊಲೊ' ಅಂದರೆ ಅಪಾಯ, 'ಉಶೀತಾ' ಅಂದರೆ ಹೊರಹೋಗುವ ದಾರಿ, ಇವೆರಡು ಮಾತ್ರ ತಲೆಯಲ್ಲೇ ಇರಲಿ. ಇನ್ನೊಂದು: ನಲ್ಲಿಯ ಮೇಲೆ 'ಸಿ' ಅಂತ ಕಂಡರೆ ತಣ್ಣೀರು ಅಂದುಕೊಂಡು ಕೈ ಒಡ್ಡಬೇಡಿ. ಅದು 'ಕಾಲ್ದೊ', ಬಿಸಿನೀರು!

ಅಲರ್ಜಿ, ಶುಗರ್, ದಿನಾ ನುಂಗುವ ಮಾತ್ರೆ ಇದ್ದವರಿಗೆ ಚೀಟಿಯೇ ಮೇಲು. ಪ್ರಜ್ಞೆ ತಪ್ಪಿದರೂ ಜೇಬಿನಲ್ಲಿರುತ್ತದೆ, ಬ್ಯಾಟರಿ ಮುಗಿಯಲ್ಲ. ಬರೆಯುವಾಗ ನೋಡಿಕೊಳ್ಳಿ, ಗಂಡಸಾದರೆ 'ಅಲ್ಲೆರ್ಜಿಕೊ', ಹೆಂಗಸಾದರೆ 'ಅಲ್ಲೆರ್ಜಿಕಾ'. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದರೆ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಮಾಡಿಕೊಡಿ, ಹೋಟೆಲ್ ವಿಳಾಸ ಮತ್ತು ತುರ್ತು ಸಂಖ್ಯೆ 112 ದಪ್ಪ ಅಕ್ಷರದಲ್ಲಿ ಬರೆದು.