ಸಿಯೆನಾದಲ್ಲಿ ಸಂತ ಕ್ಯಾಥರೀನರ ಜಾಡು: ಒಂದು ಮಾರ್ಗದರ್ಶಿತ ನಡಿಗೆಯ ವಿಮರ್ಶೆ

ಇಟಲಿಯ ಸಿಯೆನಾ ನಗರದಲ್ಲಿ, ಹದಿನಾಲ್ಕನೆಯ ಶತಮಾನದ ಕ್ರೈಸ್ತ ಸಂತೆ ಕ್ಯಾಥರೀನರಿಗೆ ಸಂಬಂಧಪಟ್ಟ ಸ್ಥಳಗಳನ್ನು ಅರ್ಧ ದಿನದಲ್ಲಿ ಕಾಲ್ನಡಿಗೆಯಲ್ಲೇ ತೋರಿಸುವ ಸ್ಥಳೀಯ ಮಾರ್ಗದರ್ಶಿಯೊಬ್ಬರ ಸೇವೆಯನ್ನು ಪಡೆದೆವು. ಸ್ಥಳಗಳನ್ನು ನೋಡುವುದಷ್ಟೇ ಉದ್ದೇಶವಾಗಿದ್ದರೆ ಅದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸೇವೆ. ಆದರೆ ಒಳಗೊಳಗೇ ಒಡೆಯುತ್ತಿದ್ದ ಧರ್ಮಸಭೆಯನ್ನು, ಅಂದರೆ ಕ್ಯಾಥೊಲಿಕ್ ಚರ್ಚನ್ನು, ಆ ಸಂತರು ಹೇಗೆ ಪ್ರೀತಿಸಿದರು ಎಂಬುದನ್ನು ತಿಳಿಯಲೆಂದೇ ಹೋಗುವ ಯಾತ್ರಿಕರಿಗೆ ಅದು ಸಾಲದು.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ನಡಿಗೆ ಆರಂಭವಾಗುವುದು ಗುಡ್ಡದ ಮೇಲಿನ ಬೆಸಿಲಿಕಾ ಎಂಬ ದೊಡ್ಡ ದೇವಾಲಯದಿಂದಲ್ಲ, ಇಳಿಜಾರಿನ ತಳದಲ್ಲಿರುವ ಫೊಂತೆಬ್ರಾಂದಾ ಕಾರಂಜಿಯಿಂದ. ಇದು ಬಹಳ ಸರಿಯಾದ ಆಯ್ಕೆ. 1347ರಲ್ಲಿ ಕ್ಯಾಥರೀನರು ಹುಟ್ಟಿದ್ದು ಇದೇ ಕೇರಿಯಲ್ಲಿ, ಬಟ್ಟೆಗೆ ಬಣ್ಣ ಹಾಕುವ ಯಾಕೊಪೊ ಬೆನಿಂಕಾಸಾ ಎಂಬುವರ ಮನೆಯಲ್ಲಿ. ಬಣ್ಣಗಾರರ ಕಸುಬಿಗೆ ಧಾರಾಳವಾಗಿ ನೀರು ಬೇಕು, ಆದ್ದರಿಂದಲೇ ಅವರೆಲ್ಲ ಕಾರಂಜಿಯ ಸುತ್ತ ನೆಲೆಸಿದ್ದರು ಎಂದು ವಿವರಿಸಿದ ಮೇಲೆ ಮಾರ್ಗದರ್ಶಿ ನಮ್ಮನ್ನು ಮನೆಯತ್ತ ಕರೆದೊಯ್ದರು. ಈಗ ಅದು ಪುಣ್ಯಕ್ಷೇತ್ರ. ಅಡುಗೆಮನೆಯಿದ್ದ ಜಾಗ ಚಿತ್ರಗಳಿಂದ ತುಂಬಿದ ಪ್ರಾರ್ಥನಾಲಯವಾಗಿದೆ. ಕೆಳಗಿನ ಅಂತಸ್ತಿನಲ್ಲಿ ಕ್ಯಾಥರೀನರು ಪ್ರಾರ್ಥಿಸುತ್ತಿದ್ದ ಇಕ್ಕಟ್ಟಾದ ಕೋಣೆಯಿದ್ದು, ಅವರು ತಲೆದಿಂಬಾಗಿ ಬಳಸುತ್ತಿದ್ದರೆನ್ನುವ ಕಲ್ಲನ್ನು ಅಲ್ಲಿ ತೋರಿಸುತ್ತಾರೆ. 1375ರಲ್ಲಿ ಪೀಸಾದಲ್ಲಿ ಯಾವ ಶಿಲುಬೆಯ ಮುಂದೆ ಅವರು ಪಂಚಗಾಯಗಳನ್ನು, ಅಂದರೆ ಶಿಲುಬೆಗೇರಿದ ಕ್ರಿಸ್ತನ ಗಾಯಗಳನ್ನು ತಮ್ಮ ಮೈಯಲ್ಲಿ, ಪಡೆದರೆಂದು ನಂಬಲಾಗಿದೆಯೋ ಆ ಶಿಲುಬೆಯೂ ಇದೇ ಆವರಣದ ದೇವಾಲಯದಲ್ಲಿದೆ. ಇಲ್ಲಿ ಮಾರ್ಗದರ್ಶಿ ಮಾತು ನಿಲ್ಲಿಸಿ ಪ್ರಾರ್ಥನೆಗೆ ಬಿಡುವು ಕೊಟ್ಟದ್ದು ಎಲ್ಲರಿಗೂ ಹಿಡಿಸಿತು.

ಅಲ್ಲಿಂದ ಏರು ಹತ್ತಿ ಸಂತ ದೊಮಿನಿಕರ ಬೆಸಿಲಿಕಾಕ್ಕೆ ಬಂದ ಮೇಲೆ ಹದ ತಪ್ಪಿತು. ಅಮೃತಶಿಲೆಯ ಗೂಡಿನಲ್ಲಿಟ್ಟಿರುವ ಸಂತರ ಶಿರಸ್ಸಿನ ಪವಿತ್ರ ಅವಶೇಷದ ಮುಂದೆ, ಅದನ್ನು ರೋಮಿನಿಂದ ತಂದ ರೋಚಕ ಕಥೆಗೇ ಹೆಚ್ಚಿನ ಸಮಯ ಹೋಯಿತು. ಅದೇ ಬೆಸಿಲಿಕಾದಲ್ಲಿ ಆಂದ್ರೆಯಾ ವಾನ್ನಿ ಬಿಡಿಸಿದ ಭಿತ್ತಿಚಿತ್ರವಿದೆ. ಈ ಚಿತ್ರಕಾರನಿಗೆ ಕ್ಯಾಥರೀನರ ನೇರ ಪರಿಚಯವಿತ್ತು, ಅವರಿಂದ ಪತ್ರಗಳನ್ನೂ ಪಡೆದಿದ್ದ. ಕೈಯಲ್ಲಿ ಲಿಲ್ಲಿ ಹೂ ಹಿಡಿದು, ಎದುರು ಮಂಡಿಯೂರಿದ ಭಕ್ತೆಯ ಕಡೆಗೆ ಇನ್ನೊಂದು ಕೈ ಚಾಚಿ ನಿಂತ ಆ ಸಂತರನ್ನು ನೋಡಲು ನಮಗೆ ಸಿಕ್ಕಿದ್ದು ದಾರಿಯಲ್ಲಿ ತಿರುಗಿ ನೋಡುವಷ್ಟು ಹೊತ್ತು ಮಾತ್ರ.

ನನ್ನ ಮುಖ್ಯ ಆಕ್ಷೇಪ ಬೇರೆಯೇ. 1309ರಿಂದ ಪೋಪರು ಫ್ರಾನ್ಸ್ ಕಡೆಯ ಅವಿನ್ಯೋನಿನಲ್ಲಿ ನೆಲೆಸಿದ್ದರು. ಬಣ್ಣಗಾರನ ಮಗಳು, ಸನ್ಯಾಸಿನಿಯೂ ಅಲ್ಲದ ದೊಮಿನಿಕನ್ ಮೂರನೆಯ ಸಭೆಯ (ಮಠ ಸೇರದೆ ಲೋಕದಲ್ಲಿದ್ದೇ ದೊಮಿನಿಕನ್ ವ್ರತ ಪಾಲಿಸುವವರ ಸಂಘದ) ಸದಸ್ಯೆ, 1376ರಲ್ಲಿ ಅಲ್ಲಿಗೇ ಹೋಗಿ ಪೋಪ್ ಹನ್ನೊಂದನೆಯ ಗ್ರೆಗೊರಿಯವರನ್ನು ಕಂಡು ರೋಮಿಗೆ ಮರಳಬೇಕೆಂದು ಒತ್ತಾಯಿಸಿದರು. 1377ರ ಜನವರಿಯಲ್ಲಿ ಪೋಪರು ರೋಮನ್ನು ಪ್ರವೇಶಿಸಿದರು. ಇಷ್ಟನ್ನು ಮಾರ್ಗದರ್ಶಿ ಎರಡು ವಾಕ್ಯಗಳಲ್ಲಿ ಮುಗಿಸಿದರು. ಕ್ಯಾಥರೀನರು ಪೋಪರಿಗೆ ಬರೆಸಿದ ಪತ್ರಗಳ ಪ್ರಸ್ತಾಪವೇ ಬರಲಿಲ್ಲ. ಪೋಪರನ್ನು ಭೂಮಿಯ ಮೇಲಿನ ಮಧುರ ಕ್ರಿಸ್ತನೆಂದೂ, ಮನೆಮಕ್ಕಳು ಕರೆಯುವಂತೆ ಅಪ್ಪನೆಂದೂ ಸಂಬೋಧಿಸಿದ ಅದೇ ಹೆಣ್ಣುಮಗಳು, ಅಂಜುಬುರುಕರಾಗಬೇಡಿ ಎಂದೂ, ಧರ್ಮಸಭೆಯ ತೋಟದಲ್ಲಿ ನಾರುತ್ತಿರುವ ಹೂಗಳನ್ನು, ಅಂದರೆ ಕೆಟ್ಟ ಧರ್ಮಪಾಲಕರನ್ನು, ಕಿತ್ತುಹಾಕಿ ಎಂದೂ ಅವರಿಗೆ ಬರೆಸಿದರು. ಹಾಗೆ ಗದರಿದವರು ಮುನಿದು ದೂರವಾಗಲಿಲ್ಲ ಎಂಬುದೇ ಈ ಭಕ್ತಿಯ ತಿರುಳು. 1378ರಲ್ಲಿ ಇಬ್ಬರು ಒಟ್ಟಿಗೇ ತಾವೇ ನಿಜವಾದ ಪೋಪರೆಂದ ಮಹಾ ಒಡಕು ಹುಟ್ಟಿಕೊಂಡಾಗ, ಅವರಲ್ಲಿ ರೋಮಿನಲ್ಲಿದ್ದ ಆರನೆಯ ಉರ್ಬನರ ಕರೆಗೆ ಓಗೊಟ್ಟು ಅವರು ರೋಮಿಗೆ ಹೋದರು. ಆ ಪೋಪರ ಕಠೋರ ಸ್ವಭಾವ ಅನೇಕರನ್ನು ದೂರ ಮಾಡಿದ್ದರೂ ಇವರು ಅವರ ಪರ ನಿಂತು, ದೇಹ ಸೋತಿದ್ದಾಗಲೂ ಸಂತ ಪೇತ್ರರ ಬೆಸಿಲಿಕಾಕ್ಕೆ ನಡೆದುಹೋಗಿ ಧರ್ಮಸಭೆಗಾಗಿ ಪ್ರಾರ್ಥಿಸಿ, 1380ರ ಏಪ್ರಿಲ್ 29ರಂದು 33ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಒಡಕು ಮುಗಿದದ್ದನ್ನು ಅವರು ನೋಡಲಿಲ್ಲ. ಧರ್ಮಪಾಲಕರ ನಡತೆಯಿಂದ ಬೇಸತ್ತು ದೇವಾಲಯದ ಹೊಸ್ತಿಲಲ್ಲೇ ನಿಂತಿರುವ ಇಂದಿನ ಭಕ್ತರಿಗೆ ಇದಕ್ಕಿಂತ ಹತ್ತಿರದ ಸಂತರು ಸಿಗುವುದು ಕಷ್ಟ. ಆ ಭಾಗವನ್ನೇ ಬಿಟ್ಟುಬಿಟ್ಟರೆ ಉಳಿಯುವುದು ಪವಾಡಗಳ ಪಟ್ಟಿಯಷ್ಟೇ.

ಮಾರ್ಗದರ್ಶಿಗೆ ಈ ಕಥೆ ಗೊತ್ತಿಲ್ಲವೆಂದಲ್ಲ. ಕೊನೆಯಲ್ಲಿ ನಾವೇ ಕೆದಕಿ ಕೇಳಿದಾಗ ಉತ್ಸಾಹದಿಂದ, ಸೊಗಸಾಗಿಯೇ ವಿವರಿಸಿದರು. ಬಹುತೇಕ ಗುಂಪುಗಳು ಅವಶೇಷವನ್ನು ನೋಡಲೆಂದೇ ಬರುವುದರಿಂದ ನಿರೂಪಣೆ ಹೀಗೆ ವಾಲಿರಬಹುದು. ಹಾಗಾಗಿ ಕಾಯ್ದಿರಿಸುವಾಗಲೇ ಪತ್ರಗಳ ಬಗ್ಗೆ, ಅವಿನ್ಯೋನಿನ ಬಗ್ಗೆ ಹೇಳಬೇಕೆಂದು ತಿಳಿಸಿಬಿಡುವುದು ಒಳ್ಳೆಯದು. ಏರು ಕಡಿದಾದದ್ದು, ಮಂಡಿನೋವಿರುವವರು ಬೆಸಿಲಿಕಾದಿಂದ ಕೆಳಗಿಳಿಯುವ ಕ್ರಮವನ್ನು ಕೇಳಿಕೊಳ್ಳಬಹುದು. ಸಂತರ ದೇಹವಿರುವುದು ಸಿಯೆನಾದಲ್ಲಲ್ಲ, ರೋಮಿನ ಸಾಂತಾ ಮರಿಯಾ ಸೋಪ್ರ ಮಿನೆರ್ವಾ ದೇವಾಲಯದ ಪ್ರಧಾನ ಪೀಠದ ಕೆಳಗೆ. ಅದು ಈ ನಡಿಗೆಯಲ್ಲಿ ಸೇರಿಲ್ಲ.