‘ಜಿಪಿಎ ರಿಪೇರಿ’ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುನ್ನ ಇದನ್ನು ಓದಿ

ಎಂಜಿನಿಯರಿಂಗ್‌ನಲ್ಲಿ ಅಂಕ ಕಡಿಮೆ ಬಂದಿದೆ, ಆದರೂ ಅಮೆರಿಕದಲ್ಲಿ ಎಂಬಿಎ ಮಾಡಬೇಕು ಅಂತ ಆಸೆ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ‘ನಾಲ್ಕು ಕೋರ್ಸ್ ಮಾಡಿಸಿ ನಿಮ್ಮ ಜಿಪಿಎ (ಡಿಗ್ರಿಯ ಸರಾಸರಿ ಅಂಕ) ಮೇಲೆತ್ತುತ್ತೇವೆ’ ಎಂದ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ನನ್ನ ತಮ್ಮ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ ಕಟ್ಟಿದ. ಕೊನೆಗೆ ಕೈಗೆ ಬಂದಿದ್ದ ಸೀಟೂ ಹೋಯಿತು, ಸೀಟು ಹಿಡಿಯಲು ಕಟ್ಟಿದ್ದ ಡೆಪಾಸಿಟ್ಟೂ ಹೋಯಿತು.

ಅವನದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಮೆಕ್ಯಾನಿಕಲ್. ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ, ಹತ್ತಕ್ಕೆ 6.3. ಅದರಲ್ಲಿ 0.75 ಕಳೆದು ಹತ್ತರಿಂದ ಗುಣಿಸುವ ವಿಟಿಯು ಲೆಕ್ಕದಲ್ಲಿ 55.5 ಪರ್ಸೆಂಟ್. ಮೂರನೇ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡಿನಲ್ಲಿ ಗಣಿತದ ಎದುರು ‘ಎಫ್’ ಇದೆ. ಆ ವರ್ಷ ಅಪ್ಪನಿಗೆ ಬೈಪಾಸ್ ಆಗಿತ್ತು, ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಎದ್ದಿದ್ದವನು ಇವನೇ. ಮುಂದೆ ಫೇಲಾದ ಆ ವಿಷಯ ಮತ್ತೆ ಬರೆದು ಪಾಸ್ ಮಾಡಿಕೊಂಡ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ಒಂದು ಇಡೀ ಲೈನಿನ ಜವಾಬ್ದಾರಿ ಹೊತ್ತ. ಬಿಸಿನೆಸ್ ಸ್ಕೂಲಿಗೆ ಹೇಳಿಕೊಳ್ಳಲು ಅವನ ಹತ್ತಿರ ನಿಜವಾದ ಕಥೆಯೇ ಇತ್ತು. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಕನ್ಸಲ್ಟೆನ್ಸಿಯವರು ಆನ್‌ಲೈನಿನಲ್ಲಿ ನಾಲ್ಕು ಕೋರ್ಸ್ ಮಾಡಿಸಿದರು. ಪಾಠ ಎಂದರೆ ರೆಕಾರ್ಡ್ ಆದ ವಿಡಿಯೊಗಳು, ಪರೀಕ್ಷೆ ಎಂದರೆ ಎಷ್ಟು ಸಲ ಬೇಕಾದರೂ ಬರೆಯಬಹುದಾದ ಕ್ವಿಜ್. ಸರ್ಟಿಫಿಕೇಟುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಸುತ್ತ ಚಿನ್ನದ ಬಣ್ಣದ ಅಂಚು, ಕೆಳಗೆ ಹೊಳೆಯುವ ಸ್ಟಿಕ್ಕರ್, ನಡುವೆ ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಒಂದು ಸಾಲು. ಗ್ರೇಡ್ ಇಲ್ಲ, ಕ್ರೆಡಿಟ್ ಇಲ್ಲ, ಯಾವ ವಿಶ್ವವಿದ್ಯಾಲಯದ ಹೆಸರೂ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ದುಡ್ಡು ಮಾತ್ರ ಹೋಗುತ್ತಿತ್ತು. ಅರ್ಜಿಯ ಲಾಗಿನ್, ಪಾಸ್‌ವರ್ಡ್ ತೆಗೆದುಕೊಂಡು ಫಾರ್ಮನ್ನೂ ಅವರೇ ತುಂಬಿದರು. ಜಿಪಿಎ ಕಾಲಂನಲ್ಲಿ ವಿಟಿಯು ಅಂಕಕ್ಕೆ ಈ ನಾಲ್ಕು ಕೋರ್ಸನ್ನೂ ಸೇರಿಸಿ ಸರಾಸರಿ ತೆಗೆದು, ನಾಲ್ಕಕ್ಕೆ 3.4 ಎಂದು ಬರೆದರು. ಜತೆಗೆ ತಮ್ಮದೇ ಲೆಟರ್‌ಹೆಡ್ಡಿನ ‘ಸಮಗ್ರ ಅಂಕಪಟ್ಟಿ’ಯನ್ನೂ ಅಪ್‌ಲೋಡ್ ಮಾಡಿದರು. ತಮ್ಮ ಕೇಳಿದ್ದಕ್ಕೆ, ‘ಎಲ್ಲರಿಗೂ ಹೀಗೇ ಮಾಡ್ತೀವಿ ಸರ್, ಕನ್ವರ್ಷನ್ ಅಷ್ಟೇ’ ಅಂದರಂತೆ.

ಅದು ಕನ್ವರ್ಷನ್ ಅಲ್ಲ, ಸುಳ್ಳು ಮಾಹಿತಿ. ಅಂಕಪಟ್ಟಿಯಲ್ಲಿ ಯಾವ ಸ್ಕೇಲಿನಲ್ಲಿ ಇದೆಯೋ ಅದೇ ಸ್ಕೇಲಿನಲ್ಲಿ ಬರೆಯಿರಿ, ನೀವಾಗಿ ಬದಲಾಯಿಸಬೇಡಿ ಎಂದು ಎಷ್ಟೋ ಅಮೆರಿಕನ್ ಬಿಸಿನೆಸ್ ಸ್ಕೂಲುಗಳ ಅರ್ಜಿಯಲ್ಲೇ ಹೇಳಿರುತ್ತದೆ. ಅರ್ಜಿ ಹಾಕುವಾಗ ನಾವು ಬರೆದದ್ದನ್ನು ನಂಬಿ ಮುಂದೆ ಹೋಗುವ ಶಾಲೆಗಳು, ಅಡ್ಮಿಟ್ ಕೊಟ್ಟ ಮೇಲೆ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯದ ಅಂಕಪಟ್ಟಿ) ತರಿಸಿ ತಾಳೆ ನೋಡುತ್ತವೆ. ನಮ್ಮಲ್ಲಿ ಆಗಿದ್ದೂ ಅದೇ. ವಿಟಿಯುದು ಒಂದು ಹೇಳಿತು, ಫಾರ್ಮು ಇನ್ನೊಂದು ಹೇಳಿತು. ವಿವರಣೆ ಕೇಳಿದರು, ಕೊಟ್ಟೆವು, ಆಮೇಲೆ ಅಡ್ಮಿಟ್ ರದ್ದು ಎಂಬ ಮೇಲ್ ಬಂತು. ಫಾರ್ಮಿನ ಕೊನೆಗೆ ‘ಎಲ್ಲ ಮಾಹಿತಿ ಸತ್ಯ’ ಎಂದು ಇದ್ದದ್ದು ಅವನ ಸಹಿ, ಕನ್ಸಲ್ಟೆನ್ಸಿಯದಲ್ಲ.

ಡಿಗ್ರಿ ಮುಗಿದ ಮೇಲೆ ಅದರ ಅಂಕವನ್ನು ಯಾವ ಕೋರ್ಸೂ ಬದಲಾಯಿಸುವುದಿಲ್ಲ. ಹಾಗಂತ ಹೆಚ್ಚುವರಿ ಕೋರ್ಸ್ ವ್ಯರ್ಥ ಅಂತ ನಾನು ಹೇಳುವುದಿಲ್ಲ. ‘ಆಗ ಗಣಿತದಲ್ಲಿ ಬಿದ್ದಿದ್ದೆ, ಈಗ ನಿಭಾಯಿಸಬಲ್ಲೆ’ ಎನ್ನುವುದಕ್ಕೆ ಅದು ಪ್ರತ್ಯೇಕ ಸಾಕ್ಷಿಯಾಗುತ್ತದೆ. ಆದರೆ ಸಾಕ್ಷಿ ಗಟ್ಟಿಯಾಗಿರಬೇಕು: ಸ್ಟ್ಯಾಟಿಸ್ಟಿಕ್ಸ್, ಕ್ಯಾಲ್ಕುಲಸ್, ಮೈಕ್ರೊ ಎಕನಾಮಿಕ್ಸ್, ಅಕೌಂಟಿಂಗ್‌ನಂಥ ಲೆಕ್ಕದ ವಿಷಯ, ಗ್ರೇಡ್ ಇರುವ ಕೋರ್ಸ್, ವಿಶ್ವವಿದ್ಯಾಲಯವೇ ಕೊಡುವ ಟ್ರಾನ್ಸ್‌ಕ್ರಿಪ್ಟ್. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೊರಗಿನವರಿಗೂ ತೆರೆದ ವಿಭಾಗಗಳಾದ ಯುಸಿ ಬರ್ಕ್ಲಿ ಎಕ್ಸ್‌ಟೆನ್ಷನ್, ಯುಸಿಎಲ್ಎ ಎಕ್ಸ್‌ಟೆನ್ಷನ್‌ಗಳಲ್ಲಿ ಇಂಥವು ಆನ್‌ಲೈನಿನಲ್ಲೇ ಸಿಗುತ್ತವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆನ್‌ಲೈನಿನ ‘ಕೋರ್’ನಲ್ಲಿ ಅನಲಿಟಿಕ್ಸ್, ಎಕನಾಮಿಕ್ಸ್, ಅಕೌಂಟಿಂಗ್ ಮೂರೂ ಇವೆ, ಕೊನೆಗೆ ಪರೀಕ್ಷೆಯೂ ಇದೆ. ಅಷ್ಟು ಖರ್ಚು ಆಗದವರಿಗೆ ಐಐಟಿಗಳಂಥ ಸಂಸ್ಥೆಗಳು ನಡೆಸುವ ಆನ್‌ಲೈನ್ ಕೋರ್ಸುಗಳ ನಮ್ಮ ಎನ್‌ಪಿಟಿಇಎಲ್ ಇದೆ. ಕಲಿಯುವುದು ಉಚಿತ, ಪರೀಕ್ಷೆಗಷ್ಟೇ ಶುಲ್ಕ. ಕೇಂದ್ರಕ್ಕೆ ಹೋಗಿ ಕೂತು ಬರೆಯಬೇಕು, ಸರ್ಟಿಫಿಕೇಟಿನಲ್ಲಿ ಅಂಕ ಅಚ್ಚಾಗುತ್ತದೆ. ವಿದೇಶಿ ಟ್ರಾನ್ಸ್‌ಕ್ರಿಪ್ಟಿನಷ್ಟು ತೂಕ ಅದಕ್ಕಿಲ್ಲದಿದ್ದರೂ ಆ ಚಿನ್ನದ ಅಂಚಿನ ಕಾಗದಕ್ಕಿಂತ ಸಾವಿರ ಪಾಲು ವಾಸಿ. ಇದರ ಜತೆ ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನ ಕ್ವಾಂಟ್‌ನಲ್ಲಿ, ಅಂದರೆ ಲೆಕ್ಕದ ಭಾಗದಲ್ಲಿ, ಒಳ್ಳೆಯ ಸ್ಕೋರ್ ಬೇಕೇ ಬೇಕು. ಅಂಕ ಯಾಕೆ ಬಿತ್ತು ಎನ್ನುವುದನ್ನು ಅರ್ಜಿಯ ಆಪ್ಷನಲ್ ಎಸ್ಸೆಯಲ್ಲಿ (ಬೇಕಿದ್ದರೆ ಬರೆಯುವ ಹೆಚ್ಚುವರಿ ಪ್ರಬಂಧದಲ್ಲಿ) ನಾಲ್ಕೇ ಸಾಲಿನಲ್ಲಿ, ಅಳದೆ, ಇದ್ದದ್ದು ಇದ್ದ ಹಾಗೆ ಬರೆದರೆ ಸಾಕು.

ಸಮಯವನ್ನೂ ನೋಡಿಕೊಳ್ಳಿ. ಈ ಶಾಲೆಗಳು ಅರ್ಜಿಗಳನ್ನು ಸುತ್ತುಗಳಲ್ಲಿ ತೆಗೆದುಕೊಳ್ಳುತ್ತವೆ; ಎರಡನೇ ರೌಂಡಿನ ಗಡುವು ಸಾಮಾನ್ಯವಾಗಿ ಜನವರಿ ಮೊದಲ ವಾರಗಳಲ್ಲಿ ಬರುತ್ತದೆ, ಅಷ್ಟರೊಳಗೆ ಗ್ರೇಡ್ ಕೈಯಲ್ಲಿರಬೇಕು. ಕೋರ್ಸ್ ಶುರು ಮಾಡಿದ್ದೇನೆ ಎನ್ನುವುದಕ್ಕೆ ಅಷ್ಟೇನೂ ಬೆಲೆಯಿಲ್ಲ. ಇನ್ನು ಐಐಎಂಗಳಿಗೆ ಅಂತ ಯಾರಾದರೂ ಇದೇ ಪ್ಯಾಕೇಜ್ ಮಾರಿದರೆ ಎದ್ದು ಬನ್ನಿ. ಅಲ್ಲಿ ಪ್ರವೇಶ ಪರೀಕ್ಷೆ ಕ್ಯಾಟ್ ಜತೆ ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಅಂಕಗಳೇ ಶಾರ್ಟ್‌ಲಿಸ್ಟ್ ಲೆಕ್ಕಕ್ಕೆ ಬರುತ್ತವೆ, ಇಂಥ ಸರ್ಟಿಫಿಕೇಟುಗಳಿಗೆ ಜಾಗವಿಲ್ಲ.

ಈಗ ನಾವು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇವೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಸಲಹೆ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಿಮಗೂ ಹೀಗೆ ಆಗಿದ್ದರೆ ರಸೀದಿ, ವಾಟ್ಸಾಪ್ ಮಾತುಕತೆ, ಅವರು ಅಪ್‌ಲೋಡ್ ಮಾಡಿದ ಕಾಗದಗಳ ಪ್ರತಿ ಯಾವುದನ್ನೂ ಅಳಿಸಬೇಡಿ. ಅರ್ಜಿ ಇನ್ನೂ ಅವರ ಕೈಯಲ್ಲೇ ಇದ್ದರೆ ಇವತ್ತೇ ಪಾಸ್‌ವರ್ಡ್ ಬದಲಾಯಿಸಿ, ಜಿಪಿಎ ಕಾಲಂ ತೆರೆದು ನೋಡಿ. ತಪ್ಪು ಕಂಡರೆ, ಅರ್ಜಿ ಸಲ್ಲಿಸಿ ಆಗಿದ್ದರೂ ಸರಿ, ಶಾಲೆಯವರು ಕೇಳುವ ಮೊದಲೇ ನೀವಾಗಿ ಅಡ್ಮಿಷನ್ ಆಫೀಸಿಗೆ ಬರೆದು ತಿಳಿಸಿ.