ತಲೆಕೆಳಗಾಗಿ ತೂಗುವ ಟೊಮೆಟೊ ಬಕೆಟ್: ದುರ್ಗದ ಗಾಳಿಗೆ ತಡೆಯುತ್ತಾ?

ಪೇಂಟ್ ಖಾಲಿಯಾದ 10 ಲೀಟರ್ ಬಕೆಟ್ಟಿನ ತಳಕ್ಕೆ ತೂತು ಕೊರೆದು, ಅದರಿಂದ ಸಸಿಯನ್ನು ಕೆಳಮುಖವಾಗಿ ಇಳಿಬಿಟ್ಟು ಬೆಳೆಸುವ ಪದ್ಧತಿ ಇದು. ಊರುಗೋಲು ಬೇಡ, ನೆಲದ ಜಾಗ ಬೇಡ, ಕಳೆಯಂತೂ ಇಲ್ಲವೇ ಇಲ್ಲ. ಆದರೆ ಚಿತ್ರದುರ್ಗದಲ್ಲಿ ಇದರ ಹಣೆಬರಹ ಬರೆಯುವುದು ಗಾಳಿ. ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಸೀಮೆಯಲ್ಲಿ, ಆಷಾಢದ ಹೊತ್ತಿಗೆ ತೆರೆದ ಟೆರೇಸಿನಲ್ಲಿ ಬಕೆಟ್ ತೂಗಿಸಿದರೆ ಗಿಡ ಉಳಿಯುವುದು ಕಷ್ಟ.

ಕಾರಣ ಸರಳ. ತಲೆಕೆಳಗಾದ ಗಿಡ ತಲೆಕೆಳಗಾಗಿಯೇ ಬೆಳೆಯುವುದಿಲ್ಲ. ಕುಡಿ ಬೆಳಕಿನತ್ತ ಹೊರಳಿ ಮೇಲಕ್ಕೇಳುತ್ತದೆ, ಕಾಂಡ ಕೊಂಡಿಯಂತೆ ಬಾಗುತ್ತದೆ. ಬಕೆಟ್ ಗಿರಗಿರ ತಿರುಗಿದಾಗ ಏಟು ಬೀಳುವುದು ಆ ಬಾಗಿಗೆ. ಇನ್ನೊಂದು ಏಟು ತೂತಿನ ಅಂಚಿನದು. ಕೊರೆದ ಪ್ಲಾಸ್ಟಿಕ್ ಬ್ಲೇಡಿನಷ್ಟೇ ಹರಿತ, ಕಾಂಡವನ್ನು ದಿನವೂ ಒಂದಿಷ್ಟು ಕೊಯ್ಯುತ್ತಿರುತ್ತದೆ. ಅಂಚನ್ನು ಮರಳು ಕಾಗದದಿಂದ ಉಜ್ಜಿ, ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತಲೂ ಅಂಟಿಸಿ. ಈ ಕೆಲಸ ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ನೀರು ಬೆರೆಸುವ ಎಮಲ್ಷನ್ ಪೇಂಟಿನ ಬಕೆಟ್ಟೇ ಆಗಲಿ, ಆಯಿಲ್ ಪೇಂಟಿನದು ಬೇಡ. ಮುಚ್ಚಳವನ್ನೂ ಇಟ್ಟುಕೊಳ್ಳಿ. ತೂತು 2 ಇಂಚು ಸಾಕು, ನರ್ಸರಿಯ ಪ್ರೋಟ್ರೇ (ಸಣ್ಣ ಗುಳಿಗಳ ಪ್ಲಾಸ್ಟಿಕ್ ತಟ್ಟೆ) ಸಸಿಯ ಬೇರುಗಡ್ಡೆ ಹೊರಗಿನಿಂದಲೇ ಒಳಗೆ ಹೋಗುತ್ತದೆ. ಅಂಗೈ ಅಗಲದ ಸ್ಪಂಜನ್ನು ನಡುವಿನವರೆಗೆ ಸೀಳಿ, ಒಳಗಿನಿಂದ ಕಾಂಡಕ್ಕೆ ಸುತ್ತಿಸಿ ತೂತು ಮುಚ್ಚಿ. ಮೇಲೆ ಐದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮೂರು ಪಾಲು ಎರೆಗೊಬ್ಬರ, ಎರಡು ಪಾಲು ಕೆಂಪು ಮಣ್ಣು, ಒಂದು ಹಿಡಿ ಬೇವಿನ ಹಿಂಡಿ. ಹೊಲದ ಎರೆಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ಹಾಕಲೇಬೇಡಿ. ಒಣಗಿದರೆ ಕುಗ್ಗಿ ಬಕೆಟ್ಟಿನ ಗೋಡೆ ಬಿಡುತ್ತದೆ, ಹಾಕಿದ ನೀರು ಆ ಸಂದಿಯಲ್ಲೇ ಸರ್ರನೆ ಇಳಿದು ಸ್ಪಂಜಿನಿಂದ ಆಚೆ ಹೋಗುತ್ತದೆ, ಬೇರು ಒಣಗಿಯೇ ಇರುತ್ತದೆ.

ತುಂಬಿದ ಕೂಡಲೇ ತೂಗಿಸಬೇಡಿ. ಮುಚ್ಚಳಕ್ಕೆ ಏಳೆಂಟು ತೂತು ಹಾಕಿ ಬಿಗಿದು, ಬಕೆಟ್ ಬೋರಲು ಹಾಕಿ ಗಿಡ ಮೇಲಿರುವಂತೆ ಹತ್ತು ಹದಿನೈದು ದಿನ ನೆರಳಲ್ಲಿಡಿ. ಬೇರು ಮಣ್ಣು ಹಿಡಿದ ಮೇಲೆ ತಿರುಗಿಸಿ. ತೂಗಿಸಲು ಸ್ಲ್ಯಾಬಿನ ಫ್ಯಾನ್ ಕೊಕ್ಕೆಯೇ ಸರಿ, ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. 20 ಲೀಟರ್ ಬಕೆಟ್ ಆಸೆ ಬೇಡ; ನೀರು ಕುಡಿದರೆ 15 ಕೆ.ಜಿ. ದಾಟುತ್ತದೆ, ಹಿಡಿಕೆಯ ಕಿವಿ ಕಿತ್ತುಬರುತ್ತದೆ.

ಏಪ್ರಿಲ್ ಬಿಸಿಲಿಗೆ ಎರಡು ಹೊತ್ತು ನೀರು ಬೇಕು, ನಿಧಾನವಾಗಿ. ಒಮ್ಮೆಲೇ ಸುರಿದರೆ ಎಲೆಗಳ ಮೇಲೆ ಸೋರಿ ಚುಕ್ಕೆರೋಗ ತರುತ್ತದೆ. ಒಂದು ದಿನ ಒಣಗಿಸಿ ಮರುದಿನ ತೋಯಿಸಿದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಅದು ರೋಗವಲ್ಲ, ಕಾಯಿಗೆ ಸುಣ್ಣದಂಶ ತಲುಪದಿರುವುದು.

ಚೆರ್ರಿ ಟೊಮೆಟೊ, ಗಿಡ್ಡ ಮೆಣಸಿನಕಾಯಿ ಪಾಸು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಟೊಮೆಟೊ ಅರ್ಕಾ ರಕ್ಷಕ್ ಒಳ್ಳೇ ತಳಿಯೇ, ಆದರೆ ಅದರ ದಪ್ಪ ಹಣ್ಣಿನ ಭಾರಕ್ಕೆ ನೆಲವೇ ಸರಿ. ಬೀನ್ಸ್ ಬಳ್ಳಿ ಹಗ್ಗ ಹಿಡಿದು ಮೇಲಕ್ಕೇ ಹತ್ತುತ್ತದೆ, ತಲೆಕೆಳಗು ಮಾಡಿದ್ದಕ್ಕೆ ಅರ್ಥವೇ ಇಲ್ಲ.

ಆನ್‌ಲೈನಿನ ತೆಳು ಬಟ್ಟೆಚೀಲಕ್ಕಿಂತ ಈ ಬಕೆಟ್ ಎಷ್ಟೋ ವಾಸಿ, ಚೀಲ ಎಲ್ಲ ಕಡೆಯಿಂದಲೂ ಆರುತ್ತದೆ. ಬೆಳಗಿನ ಬಿಸಿಲು ಬೀಳುವ, ಪಡುವಣ ಗಾಳಿ ತಾಗದ ಬಾಲ್ಕನಿಯಿದ್ದರೆ ಈ ಪದ್ಧತಿಗೆ ಐದಕ್ಕೆ ಮೂರೂವರೆ ಅಂಕ. ತೆರೆದ ಟೆರೇಸ್ ಆದರೆ ಒಂದೇ ಅಂಕ. ಅದೇ ಬಕೆಟ್ಟನ್ನು ನೆಟ್ಟಗಿಟ್ಟು ಕೋಲು ಕೊಡಿ.